ಕಾರಣ ಹೇಳದೆ ಕಳಿಸುವ ರೂಢಿ

ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಅರ್ಜಿ ಹಾಕಿ, ಆನ್‌ಲೈನ್ ಪರೀಕ್ಷೆ ಬರೆದು, ಎರಡೋ ಮೂರೋ ಟೆಕ್ನಿಕಲ್ ರೌಂಡ್ ದಾಟಿ, ಎಚ್‌ಆರ್ ರೌಂಡನ್ನೂ ಮುಗಿಸಿ ಬಂದ ಅಭ್ಯರ್ಥಿಗೆ ಸಿಗುವ ಉತ್ತರ ಬಹುಪಾಲು ಎರಡು ಸಾಲಿನದು: ನಿಮ್ಮ ಆಸಕ್ತಿಗೆ ಧನ್ಯವಾದ, ಈ ಸಲ ಬೇರೆಯವರನ್ನು ಆರಿಸಿಕೊಂಡಿದ್ದೇವೆ. ಎಷ್ಟೋ ಸಲ ಅದೂ ಬರುವುದಿಲ್ಲ. ‘ಮುಂದೆ ತಿಳಿಸುತ್ತೇವೆ’ ಎಂದವರು ತಿಳಿಸುವುದೇ ಇಲ್ಲ. ಬರೆದ ಕೋಡ್ ತಪ್ಪಾಯಿತೆ, ಇಂಗ್ಲಿಷ್ ಸಾಲದಾಯಿತೆ, ಕಾಲೇಜಿನ ಹೆಸರು ಸಣ್ಣದಾಯಿತೆ, ವಯಸ್ಸು ಮೀರಿತೆ, ಹೆಣ್ಣೆಂದು ಬಿಟ್ಟರೆ, ಹೆಸರು ನೋಡಿ ಬಿಟ್ಟರೆ? ಕೇಳಿದರೆ ಹೇಳುವವರಿಲ್ಲ. ಕಾರಣ ಗೊತ್ತಿಲ್ಲದ ಕಡೆ ಅನುಮಾನ ಹುಟ್ಟುವುದು ಸಹಜ. ಆ ಅನುಮಾನ ನಿಜವೆಂದು ತೋರಿಸುವುದಕ್ಕೂ ಆಗದು, ಸುಳ್ಳೆಂದು ಬಿಡುವುದಕ್ಕೂ ಆಗದು. ಅರ್ಜಿಗಳು ಲಕ್ಷಗಟ್ಟಲೆ ಬರುವುದರಿಂದ ಹೀಗಾಗುತ್ತಿದೆ, ಇದು ಈ ಕಾಲದ ಅನಿವಾರ್ಯತೆ ಎಂದು ಕಂಪನಿಗಳು ಹೇಳುತ್ತವೆ. ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಒಳ್ಳೆಯ ಪ್ರೋಗ್ರಾಮರ್ ಯಾರು ಎಂಬ ಪ್ರಶ್ನೆಗೆ ಈ ಉದ್ಯಮದ ಬಳಿ ಮೊದಲಿನಿಂದಲೂ ಗಟ್ಟಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಜಾಗದಲ್ಲಿ ಆರಿಸುವವರ ಅಭ್ಯಾಸ, ಅಭಿರುಚಿ, ಪೂರ್ವಗ್ರಹಗಳು ಬಂದು ಕೂತವು. ಕಾರಣ ಹೇಳದ ರೂಢಿ ಅವನ್ನು ಯಾರೂ ಪ್ರಶ್ನಿಸದಂತೆ ಕಾಪಾಡಿಕೊಂಡು ಬಂತು.

ಈ ಕೆಲಸ ಶುರುವಾದಾಗ ಆಯ್ಕೆ ಇಷ್ಟು ಗೂಢವಾಗಿರಲಿಲ್ಲ. 1945ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗುತ್ತಿದ್ದ ಎನಿಯಾಕ್ ಯಂತ್ರವನ್ನು ನಡೆಸಲು ಅಮೆರಿಕದ ಸೇನೆ ಆರು ಮಂದಿ ಹೆಣ್ಣುಮಕ್ಕಳನ್ನು ಆರಿಸಿತು. ಫಿರಂಗಿ ಗುಂಡು ಸಾಗುವ ದಾರಿಯನ್ನು ಕೈಯಿಂದಲೇ ಲೆಕ್ಕ ಹಾಕುತ್ತಿದ್ದ ತಂಡದವರು ಅವರು. ಯಂತ್ರ ಮಾಡಬೇಕಿದ್ದುದೂ ಅದೇ ಲೆಕ್ಕ. ಯಾಕೆ ಇವರು ಎಂದು ಯಾರಾದರೂ ಕೇಳಿದ್ದರೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಬಹುದಿತ್ತು. ಹತ್ತು ವರ್ಷಗಳಲ್ಲಿ ಈ ಸರಳತೆ ಹೋಯಿತು. ಬ್ಯಾಂಕು, ವಿಮಾ ಕಂಪನಿ, ಕಾರ್ಖಾನೆಗಳು ಕಂಪ್ಯೂಟರ್ ಕೊಂಡವು. ಸಾವಿರಾರು ಪ್ರೋಗ್ರಾಮರ್‌ಗಳು ಬೇಕಾದರು. ಕಲಿಸುವ ಕಾಲೇಜಾಗಲೀ ಪದವಿಯಾಗಲೀ ಇರಲಿಲ್ಲ. 1955ರಲ್ಲಿ ಐಬಿಎಂ ‘ಪ್ರೋಗ್ರಾಮರ್ ಆಪ್ಟಿಟ್ಯೂಡ್ ಟೆಸ್ಟ್’ ಎಂಬ ಪರೀಕ್ಷೆಯನ್ನು ರೂಪಿಸಿತು. ಸಂಖ್ಯೆಗಳ ಸರಣಿಯಲ್ಲಿ ಮುಂದಿನದು ಯಾವುದು, ಈ ಚಿತ್ರಕ್ಕೆ ಹೊಂದುವ ಚಿತ್ರ ಯಾವುದು, ಈ ಅಂಕಗಣಿತದ ಸಮಸ್ಯೆಗೆ ಉತ್ತರವೇನು ಎಂಬ ಮೂರು ಬಗೆಯ ಪ್ರಶ್ನೆಗಳು ಅದರಲ್ಲಿದ್ದವು. ಚರಿತ್ರಕಾರ ನೇಥನ್ ಎನ್ಸ್‌ಮೆಂಗರ್ ಕೊಡುವ ಲೆಕ್ಕದಂತೆ, 1962ರ ಹೊತ್ತಿಗೆ ಪ್ರೋಗ್ರಾಮರ್‌ಗಳನ್ನು ನೇಮಿಸಿಕೊಳ್ಳುತ್ತಿದ್ದ ಸಂಸ್ಥೆಗಳಲ್ಲಿ ಸುಮಾರು ಶೇ. 80ರಷ್ಟು ಇಂಥ ಯಾವುದಾದರೊಂದು ಪರೀಕ್ಷೆಯನ್ನು ಬಳಸುತ್ತಿದ್ದವು. 1967ರ ಒಂದೇ ವರ್ಷದಲ್ಲಿ ಐಬಿಎಂ ಪರೀಕ್ಷೆಯನ್ನು ಬರೆದವರು 7 ಲಕ್ಷಕ್ಕೂ ಹೆಚ್ಚು ಮಂದಿ.

ಈ ಪರೀಕ್ಷೆಯಲ್ಲಿ ಬಂದ ಅಂಕಕ್ಕೂ ಮುಂದೆ ಕೆಲಸದಲ್ಲಿ ತೋರಿದ ಸಾಮರ್ಥ್ಯಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣುತ್ತಿಲ್ಲ ಎಂದು ಆಗಲೇ ಅಧ್ಯಯನಗಳು ಮತ್ತೆ ಮತ್ತೆ ಹೇಳುತ್ತಿದ್ದವು. ಆದರೂ ಪರೀಕ್ಷೆ ನಿಲ್ಲಲಿಲ್ಲ. ನೂರು ಜನರನ್ನು ಹತ್ತಕ್ಕೆ ಇಳಿಸಲು ಅಗ್ಗದ ಸಾಧನವೊಂದು ಬೇಕಿತ್ತು, ಅದು ಸಿಕ್ಕಿತ್ತು. ಅಂಕ ಸಾಲದೆ ಹೊರಬಿದ್ದವರು ಒಳಗೆ ಬಂದಿದ್ದರೆ ಹೇಗೆ ಕೆಲಸ ಮಾಡುತ್ತಿದ್ದರು ಎಂದು ನೋಡುವ ಅವಕಾಶ ಯಾರಿಗೂ ಇರಲಿಲ್ಲವಾದ್ದರಿಂದ ಸಾಧನ ತಪ್ಪೆಂದು ಕಣ್ಣಿಗೆ ಬೀಳಲೂ ಇಲ್ಲ. 1966ರಲ್ಲಿ ವಿಲಿಯಂ ಕ್ಯಾನನ್ ಮತ್ತು ಡ್ಯಾಲಿಸ್ ಪೆರಿ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಮ್ಮ ಕೆಲಸದಲ್ಲಿ ತೃಪ್ತರಾಗಿರುವ ಪ್ರೋಗ್ರಾಮರ್‌ಗಳ ಸ್ವಭಾವ ಎಂಥದು ಎಂದು 1,378 ಮಂದಿಯನ್ನು ವಿಚಾರಿಸಿದರು. ಅವರಲ್ಲಿ ಮಹಿಳೆಯರು 186 ಮಾತ್ರ. ಒಗಟು ಬಿಡಿಸುವುದೆಂದರೆ ಇವರಿಗೆ ಇಷ್ಟ, ಜನರೊಡನೆ ಬೆರೆಯುವುದೆಂದರೆ ಅಷ್ಟಕ್ಕಷ್ಟೆ ಎಂಬ ತೀರ್ಮಾನ ಹೊರಬಂತು. ಆಗಲೇ ಒಳಗಿದ್ದವರ ವರ್ಣನೆ ಇದು. ಒಳಗೆ ಬರಬೇಕಾದವರ ಲಕ್ಷಣವೆಂದು ಇದನ್ನು ಓದಿಕೊಂಡಾಗ ತಪ್ಪು ವೃತ್ತಾಕಾರವಾಯಿತು. ಹೆಚ್ಚಾಗಿ ಗಂಡಸರಿದ್ದ, ಹೆಚ್ಚು ಮಾತಾಡದವರಿದ್ದ ಗುಂಪು ತನ್ನಂಥವರನ್ನೇ ಯೋಗ್ಯರೆಂದು ಆರಿಸಿತು. ಹಾಗೆ ಆರಿಸಿದ್ದರಿಂದ ಮುಂದಿನ ಗುಂಪೂ ಹಾಗೆಯೇ ಇತ್ತು. ಅದನ್ನೇ ತೋರಿಸಿ ನಮ್ಮ ಅಳತೆ ಸರಿ ಎಂದಿತು. ಇಲ್ಲಿ ಯಾರ ಮೇಲೂ ದ್ವೇಷ ಬೇಕಾಗಿರಲಿಲ್ಲ. ದ್ವೇಷವಿಲ್ಲದೆಯೇ ನಡೆಯುವ ಭೇದ ಇದು, ಗುರುತಿಸುವುದು ಕಷ್ಟವಾಗಿರುವುದೂ ಅದಕ್ಕೇ.

ಮುಖಾಮುಖಿ ಸಂದರ್ಶನದಲ್ಲಿ ಒಗಟು ಕೇಳುವ ಪದ್ಧತಿಗೂ ಇಷ್ಟೇ ಹಳೆಯ ಮೂಲವಿದೆ. ಟ್ರಾನ್ಸಿಸ್ಟರ್ ಶೋಧಕ್ಕಾಗಿ 1956ರಲ್ಲಿ ನೊಬೆಲ್ ಹಂಚಿಕೊಂಡ ವಿಲಿಯಂ ಶಾಕ್ಲಿ, ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ತನ್ನ ಸೆಮಿಕಂಡಕ್ಟರ್ ಕಂಪನಿಗೆ ಬಂದವರಿಗೆ ಗಡಿಯಾರ ಹಿಡಿದು ಒಗಟು ಕೇಳುತ್ತಿದ್ದ. 1957ರಲ್ಲಿ ಯುವ ವಿಜ್ಞಾನಿ ಜಿಮ್ ಗಿಬ್ಬನ್ಸ್‌ಗೆ ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ. ಟೆನಿಸ್ ಪಂದ್ಯಾವಳಿಯಲ್ಲಿ 127 ಆಟಗಾರರಿದ್ದಾರೆ, ಸೋತವರು ಹೊರಗೆ, ಗೆದ್ದವನೊಬ್ಬ ಉಳಿಯಲು ಎಷ್ಟು ಪಂದ್ಯ ಬೇಕು? ಗಿಬ್ಬನ್ಸ್ ಥಟ್ಟನೆ 126 ಎಂದರು. ಒಂದು ಪಂದ್ಯಕ್ಕೆ ಒಬ್ಬ ಹೊರಬೀಳುತ್ತಾನೆ, 126 ಮಂದಿ ಹೊರಬೀಳಬೇಕು, ಅಷ್ಟೆ. ಉತ್ತರ ಇಷ್ಟು ಬೇಗ ಬಂದದ್ದೇ ಶಾಕ್ಲಿಗೆ ಸಿಟ್ಟು ತಂದಿತು. ಈ ಒಗಟನ್ನು ಮೊದಲೇ ಕೇಳಿದ್ದೆಯಾ ಎಂದು ವಿಚಾರಿಸಿದ. ತಿಳಿದವನಿಗೂ ಜಾಣನಿಗೂ ವ್ಯತ್ಯಾಸ ಹೇಳಲಾರದ ಅಳತೆಯ ದೌರ್ಬಲ್ಯ ಆ ಸಿಟ್ಟಿನಲ್ಲೇ ಇದೆ. ಶಾಕ್ಲಿ ತನ್ನ ನೌಕರರನ್ನು ಮನಶ್ಶಾಸ್ತ್ರದ ಪರೀಕ್ಷೆಗೂ ಕಳಿಸುತ್ತಿದ್ದ. ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಒಳ್ಳೆಯ ಮ್ಯಾನೇಜರ್‌ಗಳಾಗಲಾರರು ಎಂದು ಆ ಪರೀಕ್ಷೆ ಹೇಳಿತು. 1968ರಲ್ಲಿ ಇಂಟೆಲ್ ಕಟ್ಟಿದವರು ಅವರೇ. ಬುದ್ಧಿಯನ್ನು ನಿಮಿಷಗಳಲ್ಲಿ ಅಳೆಯಬಲ್ಲೆನೆಂದು ನಂಬಿದ್ದ ಶಾಕ್ಲಿ ಮುಂದೆ ಕಪ್ಪು ಜನರ ಬುದ್ಧಿ ಹುಟ್ಟಿನಿಂದಲೇ ಕಡಿಮೆ ಎಂದು ಪ್ರಚಾರ ಮಾಡುತ್ತ ತನ್ನ ಕೊನೆಯ ದಶಕಗಳನ್ನು ಕಳೆದ. ಒಗಟು ಕೇಳುವವರೆಲ್ಲ ಜನಾಂಗದ್ವೇಷಿಗಳೆಂದು ಇದರ ಅರ್ಥವಲ್ಲ. ಆದರೆ ತನ್ನ ಅಳತೆಯನ್ನು ಯಾರಿಗೂ ಸಮರ್ಥಿಸಿಕೊಳ್ಳಬೇಕಾಗಿಲ್ಲದ ಮನುಷ್ಯನ ವಿಶ್ವಾಸ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಸಿಲಿಕಾನ್ ವ್ಯಾಲಿಯ ಹುಟ್ಟಿನಲ್ಲೇ ಸಾಕ್ಷಿಯಿದೆ.

ಅದೇ ಕಾಲದ ಇಂಗ್ಲೆಂಡಿನಲ್ಲಿ ತಿರಸ್ಕಾರ ಮೌನವಾಗಿಯೇ ಬರುತ್ತಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಮಗುವಾಗಿದ್ದಾಗ ಬ್ರಿಟನ್ನಿಗೆ ಬಂದ ಸ್ಟೆಫನಿ ಶರ್ಲಿ, ಡಾಲಿಸ್ ಹಿಲ್‌ನ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ದುಡಿದು ಕಂಪ್ಯೂಟರ್ ಕೆಲಸ ಕಲಿತವರು. 1962ರಲ್ಲಿ ‘ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆ ಆರಂಭಿಸಿ, ಮದುವೆಯಾಗಿ ಮಕ್ಕಳಾದ ಮೇಲೆ ಕೆಲಸ ಬಿಡಬೇಕಾಗಿ ಬಂದ ಪ್ರೋಗ್ರಾಮರ್‌ಗಳಿಗೆ ಮನೆಯಿಂದಲೇ ಕೆಲಸ ಕೊಟ್ಟರು. ಕೆಲಸ ಕೇಳಿ ಕಂಪನಿಗಳಿಗೆ ಅವರು ಬರೆದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಸ್ಟೆಫನಿ ಎಂಬ ಸಹಿಯ ಬದಲು ‘ಸ್ಟೀವ್’ ಎಂದು ಸಹಿ ಹಾಕಿ ನೋಡು ಎಂದು ಗಂಡ ಸಲಹೆ ಕೊಟ್ಟರು. ಹಾಗೆ ಮಾಡಿದ ಮೇಲೆ ಉತ್ತರಗಳು ಬರತೊಡಗಿದವು. ಸಂಸ್ಥೆ ಅದೇ, ಕೆಲಸದ ಗುಣವೂ ಅದೇ. ಬದಲಾದದ್ದು ಸಹಿ ಮಾತ್ರ. ಆ ಮೊದಲಿನ ಪತ್ರಗಳನ್ನು ಬದಿಗಿಟ್ಟವರಲ್ಲಿ ಒಬ್ಬರೂ ‘ನೀವು ಹೆಂಗಸು, ಆದ್ದರಿಂದ ಬೇಡ’ ಎಂದು ಬರೆದಿರಲಿಲ್ಲ. ಬಹುಶಃ ತಾವು ಹಾಗೆ ಮಾಡುತ್ತಿದ್ದೇವೆ ಎಂದು ಅವರಿಗೇ ಗೊತ್ತಿದ್ದಿರಲಾರದು. ಸಹಿ ಬದಲಿಸಿ ನೋಡಿದ್ದರಿಂದ ಭೇದ ಬೆಳಕಿಗೆ ಬಂತು. ಇಂದು ಅರ್ಥಶಾಸ್ತ್ರಜ್ಞರು ಒಂದೇ ರೆಸ್ಯೂಮೆಗೆ ಬೇರೆ ಬೇರೆ ಹೆಸರು ಹಾಕಿ ಕಳಿಸಿ ಮಾಡುವ ಪ್ರಯೋಗವೂ ಇದೇ.

ಅಳತೆಯನ್ನು ಸಮರ್ಥಿಸಿಕೊಳ್ಳಲೇಬೇಕು ಎಂಬ ಹೊಣೆ ಮೊದಲ ಸಲ ಸ್ಪಷ್ಟವಾಗಿ ಬಂದದ್ದು 1971ರಲ್ಲಿ, ಗ್ರಿಗ್ಸ್ ಪ್ರಕರಣದಲ್ಲಿ. ಉತ್ತರ ಕೆರೊಲಿನಾದ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಕಪ್ಪು ನೌಕರರನ್ನು ಬಹಿರಂಗವಾಗಿಯೇ ಕೆಳದರ್ಜೆಯ ಕೂಲಿ ವಿಭಾಗದಲ್ಲಿ ಇಟ್ಟಿತ್ತು. 1965ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ಭಾಗ ಜಾರಿಗೆ ಬಂತು. ಅದೇ ದಿನದಿಂದ ಕಂಪನಿ ಒಳ್ಳೆಯ ವಿಭಾಗಗಳಿಗೆ ಸೇರಲು ಎರಡು ಸಿದ್ಧ ಪರೀಕ್ಷೆಗಳನ್ನು ಕಡ್ಡಾಯ ಮಾಡಿತು. ಅವುಗಳಲ್ಲಿ ಒಂದು ಸಾಮಾನ್ಯ ಬುದ್ಧಿಮತ್ತೆಯದು. ಪರೀಕ್ಷೆ ಎಲ್ಲರಿಗೂ ಒಂದೇ, ಭೇದ ಎಲ್ಲಿದೆ ಎಂದು ಕಂಪನಿ ವಾದಿಸಿತು. ಈ ಕೆಲಸಕ್ಕೂ ಈ ಪರೀಕ್ಷೆಗೂ ಏನು ಸಂಬಂಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಕೇಳಿತು. ಕಂಪನಿಯ ಬಳಿ ಉತ್ತರವಿರಲಿಲ್ಲ. ಉದ್ದೇಶ ಒಳ್ಳೆಯದೇ ಇರಲಿ, ಒಂದು ಸಮುದಾಯವನ್ನು ಹೆಚ್ಚಾಗಿ ಹೊರಗಿಡುವ ಅಳತೆ ಕೆಲಸಕ್ಕೆ ಸಂಬಂಧಪಟ್ಟದ್ದೆಂದು ತೋರಿಸುವ ಹೊಣೆ ಅಳೆಯುವವನದು ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ಅಳತೆ ಬರಹದಲ್ಲಿದ್ದುದರಿಂದಲೇ ಅದನ್ನು ಕೋರ್ಟಿಗೆ ತರಲು ಸಾಧ್ಯವಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಬರೆದಿಟ್ಟದ್ದು ಪತ್ತೆಯಾಗುತ್ತದೆ ಎಂಬುದಕ್ಕೆ ಇನ್ನೂ ಬಲವಾದ ನಿದರ್ಶನ ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಕೀಯ ಕಾಲೇಜಿನದು. ವರ್ಷಕ್ಕೆ ಸುಮಾರು 2,000 ಅರ್ಜಿಗಳನ್ನು ಜಾಲಿಸಲು ಅಲ್ಲಿನ ಪ್ರಾಧ್ಯಾಪಕರೊಬ್ಬರು 1970ರ ದಶಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬರೆದರು. ಹಿಂದಿನ ವರ್ಷಗಳಲ್ಲಿ ಆಯ್ಕೆದಾರರು ಕೊಟ್ಟ ತೀರ್ಪುಗಳನ್ನು ಅದು ಅನುಕರಿಸುತ್ತಿತ್ತು, ಶೇ. 90ಕ್ಕೂ ಹೆಚ್ಚು ಹೊಂದಿಕೆಯೂ ಇತ್ತು. ಕಾಲೇಜು ಅದನ್ನು ಯಶಸ್ಸೆಂದೇ ತಿಳಿದು ಆಯ್ಕೆಯನ್ನು ಅದಕ್ಕೆ ಬಿಟ್ಟಿತು. 1986ರ ಕೊನೆಯಲ್ಲಿ ಅಲ್ಲಿಯದೇ ಇಬ್ಬರು ಅಧ್ಯಾಪಕರು ಜನಾಂಗ ಸಮಾನತೆ ಆಯೋಗಕ್ಕೆ ದೂರು ಕೊಟ್ಟರು. ಪ್ರೋಗ್ರಾಂ ತೆರೆದು ನೋಡಿದಾಗ, ಯುರೋಪಿನದಲ್ಲದ ಹೆಸರಿಗೂ ಹೆಣ್ಣಿನ ಹೆಸರಿಗೂ ಅಂಕದಲ್ಲಿ ಕಡಿತವಿತ್ತು. ಇದರಿಂದಾಗಿ ವರ್ಷಕ್ಕೆ 60ರಷ್ಟು ಮಂದಿ ಸಂದರ್ಶನದ ಅವಕಾಶ ಕಳೆದುಕೊಂಡಿರಬಹುದು ಎಂದು ಅಂದಾಜಾಯಿತು. ಯಂತ್ರ ಭೇದ ಮಾಡಿತು ಎಂದು ಇದನ್ನು ಓದುವುದು ರೂಢಿ. ಯಂತ್ರ ಹೊಸದೇನನ್ನೂ ಮಾಡಿರಲಿಲ್ಲ. ಮನುಷ್ಯರು ಮನಸ್ಸಿನಲ್ಲೇ ಕಳೆಯುತ್ತಿದ್ದ ಅಂಕವನ್ನು ಕಾಗದದ ಮೇಲೆ ಕಳೆಯಿತು. ಕಾಗದದ ಮೇಲೆ ಬಂದದ್ದರಿಂದಲೇ ಸಿಕ್ಕಿಬಿತ್ತು. ಅಮೆಜಾನ್ ಕಂಪನಿ 2014ರಿಂದ ಪರೀಕ್ಷಿಸುತ್ತಿದ್ದ ನೇಮಕಾತಿ ಪ್ರೋಗ್ರಾಂ ಕಥೆಯೂ ಹೀಗೆಯೇ. ಹತ್ತು ವರ್ಷಗಳ ರೆಸ್ಯೂಮೆಗಳಿಂದ ಕಲಿತ ಅದು ಮಹಿಳೆಯರ ಸಂಘ, ಮಹಿಳೆಯರ ಕಾಲೇಜು ಎಂದು ಸೂಚಿಸುವ ಪದ ಕಂಡರೆ ಅಂಕ ಇಳಿಸುತ್ತಿತ್ತು ಎಂದು 2018ರ ಅಕ್ಟೋಬರಿನಲ್ಲಿ ರಾಯಿಟರ್ಸ್ ವರದಿ ಮಾಡಿತು. ಕಂಪನಿ ಅಷ್ಟರಲ್ಲಿ ಅದನ್ನು ಕೈಬಿಟ್ಟಿತ್ತು. ಆಯ್ಕೆಗೆ ಅದನ್ನು ಬಳಸಿಲ್ಲ ಎಂದೂ ಹೇಳಿತು. ಪ್ರೋಗ್ರಾಮಿನ ಒಲವನ್ನು ಕಂಪನಿಯವರೇ ಕಂಡುಹಿಡಿದರು. ಆ ಹತ್ತು ವರ್ಷ ರೆಸ್ಯೂಮೆಗಳನ್ನು ಕೈಯಲ್ಲಿ ತಿರುವಿದವರ ಒಲವನ್ನು ಮಾತ್ರ ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ.

ಕರ್ನಾಟಕಕ್ಕೆ ಈ ಜಗಳ ಹೊಸದಲ್ಲ. ಸಾಫ್ಟ್‌ವೇರಿಗಿಂತ ಮೊದಲೇ ಇಂಜಿನಿಯರಿಂಗ್ ಸೀಟಿನಲ್ಲಿ ಅದು ನಡೆದುಹೋಗಿದೆ. 1963ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಸೇರಿಸಿತು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚೆ ಇವುಗಳಿಗೆ ಅಂಕ. ವ್ಯಕ್ತಿತ್ವಕ್ಕೆ ಅಂಕ ಕೊಡುವುದು ಹೇಗೆ? ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1964ರ ಜನವರಿಯಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂದರ್ಶನ ಎಂಬ ವಿಧಾನವೇ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಹದಿನಾರು ವರ್ಷ ಕಳೆದು, 1980ರ ನವೆಂಬರಿನಲ್ಲಿ, ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ಕೋರ್ಟ್ ಬೇರೆ ದನಿಯಲ್ಲಿ ಮಾತಾಡಿತು. ಅಲ್ಲಿ 150 ಅಂಕಗಳಲ್ಲಿ 50 ಸಂದರ್ಶನಕ್ಕೆ. ಸಂದರ್ಶನವೋ ಎರಡು ಮೂರು ನಿಮಿಷ. ಕೇಳಿದ್ದು ತಂದೆ ತಾಯಿ ಯಾರು, ಊರು ಯಾವುದು ಎಂಬಂಥ ಪ್ರಶ್ನೆ. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಕೂಡದು, ಸಂದರ್ಶನವನ್ನು ಟೇಪ್‌ನಲ್ಲಿ ದಾಖಲಿಸುವುದು ಒಳ್ಳೆಯದು ಎಂದು ನ್ಯಾಯಾಲಯ ಹೇಳಿತು. ಕರ್ನಾಟಕದಲ್ಲಿ ಸಿಇಟಿ ಬಂದು ಪ್ರತಿ ಕಾಲೇಜಿನ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬುದು ಎಲ್ಲರಿಗೂ ಕಾಣುವಂತಾಯಿತು. ಸಿಇಟಿಗೂ ತನ್ನ ಕೊರತೆಗಳಿವೆ, ಕೋಚಿಂಗ್‌ಗೆ ದುಡ್ಡಿದ್ದವರಿಗೆ ಅನುಕೂಲ ಹೆಚ್ಚು. ಆದರೆ ಸೀಟು ಸಿಗದ ಹುಡುಗಿಗೆ ಯಾಕೆ ಸಿಗಲಿಲ್ಲ ಎಂಬುದಾದರೂ ಗೊತ್ತಾಗುತ್ತದೆ.

ಅದೇ ಹುಡುಗಿ ನಾಲ್ಕು ವರ್ಷ ಓದಿ ಕ್ಯಾಂಪಸ್ ಸಂದರ್ಶನಕ್ಕೆ ಕೂತಾಗ ಮತ್ತೆ 1963ಕ್ಕೆ ಹಿಂದಿರುಗಿರುತ್ತಾಳೆ. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ. ಅವುಗಳ ಬೆನ್ನಿಗೆ ಬೆಳೆದ ಉದ್ಯಮ ಅಮೆರಿಕದ ಆಪ್ಟಿಟ್ಯೂಡ್ ಪರೀಕ್ಷೆಯನ್ನೂ ಒಗಟುಗಳನ್ನೂ ತನ್ನದಾಗಿಸಿಕೊಂಡಿತು. ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳು ಕ್ಯಾಂಪಸ್ ಆಯ್ಕೆಗೆ ಓದುವ ಪಠ್ಯವೇ ಆಗಿಬಿಟ್ಟವು. ಹತ್ತನೇ ತರಗತಿಯಿಂದ ಪದವಿಯವರೆಗೆ ಎಲ್ಲೂ ಶೇ. 60ಕ್ಕೆ ಇಳಿಯಬಾರದು, ಬ್ಯಾಕ್‌ಲಾಗ್ ಇರಬಾರದು ಎಂಬ ಕಟ್-ಆಫ್‌ಗಳು ಬಂದವು. ಅವನ್ನಾದರೂ ಮೊದಲೇ ಹೇಳುತ್ತಾರೆ. ಅದರ ನಂತರದ್ದು ‘ಕಮ್ಯುನಿಕೇಶನ್’, ‘ಆಟಿಟ್ಯೂಡ್’, ‘ಫಿಟ್’ ಎಂಬ ಬಾಯಿಮಾತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಮಾಜಶಾಸ್ತ್ರಜ್ಞೆ ಕ್ಯಾರೊಲ್ ಉಪಾಧ್ಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಭೆಯೊಂದೇ ಮಾನದಂಡ ಎನ್ನುವ ಈ ಉದ್ಯಮದ ನೌಕರರು ಬಹುಪಾಲು ನಗರದ ಮಧ್ಯಮ ವರ್ಗದ ಮೇಲ್ಜಾತಿಗಳವರೇ ಎಂದು ತೋರಿಸಿದರು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್, ನೇಮಕಾತಿ ಅಧಿಕಾರಿಗಳು ಸಂದರ್ಶನದಲ್ಲಿ ‘ಕುಟುಂಬದ ಹಿನ್ನೆಲೆ’ಯನ್ನು ಯೋಗ್ಯತೆಯ ಲಕ್ಷಣವೆಂದೇ ಕೇಳುವುದನ್ನು ದಾಖಲಿಸಿದರು. ಶ್ರೀನಗರದ ಆ ಎರಡು ನಿಮಿಷಗಳ ಪ್ರಶ್ನೆ ಎಚ್‌ಆರ್ ರೌಂಡಿನಲ್ಲಿ ಹೀಗೆ ಉಳಿದುಕೊಂಡಿತ್ತು.

ಇಲ್ಲಿ ಎದುರಾಗುವ ಸಾಕ್ಷ್ಯವನ್ನು ಮುಚ್ಚಿಡುವುದು ಸರಿಯಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದಲ್ಲಿ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿ ನೋಡಿದಾಗ, ಅರ್ಹತೆ ಒಂದೇ ಇದ್ದರೂ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬರುವ ಸಾಧ್ಯತೆ ಸ್ಪಷ್ಟವಾಗಿ ಕಡಿಮೆಯಿತ್ತು. ಆದರೆ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದಿಲ್ಲಿಯ ಸುತ್ತ ಮಾಡಿ 2009ರಲ್ಲಿ ಪ್ರಕಟಿಸಿದ ಇಂಥದೇ ಪ್ರಯೋಗದಲ್ಲಿ, ಸಾಫ್ಟ್‌ವೇರ್ ಕೆಲಸಗಳ ಮಟ್ಟಿಗೆ ಜಾತಿಭೇದ ಕಾಣಲಿಲ್ಲ. ಹಾಗಾದರೆ ಅನುಮಾನವೆಲ್ಲ ಸುಳ್ಳೆ? ಆ ಪ್ರಯೋಗ ಅಳೆದದ್ದು ಮೊದಲ ಬಾಗಿಲನ್ನು. ರೆಸ್ಯೂಮೆಗೆ ಕರೆ ಬಂತೋ ಇಲ್ಲವೋ ಎಂಬುದನ್ನು. ಕರೆದ ಮೇಲೆ ಒಳಗೆ ಏನಾಗುತ್ತದೆ ಎಂಬುದನ್ನು ಹೊರಗಿನ ಯಾವ ಸಂಶೋಧಕನೂ ಇಂಥ ಪತ್ರಗಳಿಂದ ಅಳೆಯಲಾರ, ಇಲ್ಲದ ಅಭ್ಯರ್ಥಿ ಸಂದರ್ಶನಕ್ಕೆ ಹೋಗಲಾರನಲ್ಲ. ಭೇದ ಮಾಡದ ಕಂಪನಿಗಳಿವೆ ಎಂಬುದನ್ನು ನಾನು ಒಪ್ಪುತ್ತೇನೆ. ಮೌನದಿಂದ ಅಂಥ ಕಂಪನಿಗಳಿಗೇ ಹೆಚ್ಚು ನಷ್ಟ, ತಾವು ಶುದ್ಧರೆಂದು ತೋರಿಸುವ ದಾರಿಯನ್ನೇ ಅವು ಮುಚ್ಚಿಕೊಂಡಿವೆ.

ಉಳಿದ ಆಕ್ಷೇಪಗಳು ಇಷ್ಟು ಗಟ್ಟಿಯಾಗಿಲ್ಲ. ಲಕ್ಷಾಂತರ ಅರ್ಜಿಗಳಿಗೆ ಕಾರಣ ಬರೆಯಲಾಗದು ಎನ್ನುತ್ತಾರೆ. ಲಕ್ಷವನ್ನು ಸಾವಿರಕ್ಕೆ ಇಳಿಸುವುದು ಸಾಫ್ಟ್‌ವೇರ್. ಯಾವ ನಿಯಮದಿಂದ ಇಳಿಸಿತು ಎಂಬುದು ಅದರಲ್ಲೇ ದಾಖಲಾಗಿರುತ್ತದೆ, ಪತ್ರಕ್ಕೆ ಒಂದು ಸಾಲು ಸೇರಿಸಿದರೆ ಸಾಕು. ಸಂದರ್ಶನದವರೆಗೆ ಬಂದವರು ಕೆಲವೇ ಮಂದಿ. ಕಾರಣ ಹೇಳಿದರೆ ಅದನ್ನೇ ಹಿಡಿದು ಕೋರ್ಟಿಗೆ ಹೋಗುತ್ತಾರೆ ಎನ್ನುತ್ತಾರೆ. ಕೋರ್ಟಿನಲ್ಲಿ ನಿಲ್ಲದ ಕಾರಣದಿಂದ ಒಬ್ಬರ ಬದುಕಿನ ದಾರಿ ತಿರುಗಿಸುವುದು ಸರಿ ಎಂದು ಯಾರೂ ಬಾಯಿಬಿಟ್ಟು ವಾದಿಸಲಾರರು. ಅನುಭವಿ ಇಂಜಿನಿಯರ್ ನೋಡಿದ ಕೂಡಲೇ ಆಳನ್ನು ಅಳೆಯುತ್ತಾನೆ, ಅದನ್ನೆಲ್ಲ ಬರೆಯಲಾಗದು ಎನ್ನುತ್ತಾರೆ. ತಮ್ಮಲ್ಲಿ ನಡೆದ ಹತ್ತಾರು ಸಾವಿರ ಸಂದರ್ಶನಗಳ ಅಂಕವನ್ನು ನಂತರದ ಕೆಲಸದೊಂದಿಗೆ ಹೋಲಿಸಿದಾಗ ಯಾವ ಸಂಬಂಧವೂ ಕಾಣಲಿಲ್ಲ, ಒಗಟು ಕೇಳುವುದು ಬರೀ ಕಾಲಹರಣ ಎಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಹೇಳಿದರು. ಖಾಸಗಿ ಕಂಪನಿ ಯಾರನ್ನು ಬೇಕಾದರೂ ಆರಿಸಬಹುದು ಎಂಬುದು ಕೊನೆಯ ವಾದ. ಆಯ್ಕೆಯ ಸ್ವಾತಂತ್ರ್ಯವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಸರ್ಕಾರದ ಜಮೀನಿನಲ್ಲಿ ಬೆಳೆದ, 2011ರವರೆಗೂ ರಫ್ತಿನ ಲಾಭಕ್ಕೆ ತೆರಿಗೆ ರಜೆ ಪಡೆದ, ಸರ್ಕಾರಿ ಸೀಟಿನಲ್ಲಿ ಓದಿದವರನ್ನು ದುಡಿಸಿಕೊಂಡ ಉದ್ಯಮ ಆ ಸಮಾಜಕ್ಕೆ ಯಾವ ಉತ್ತರವನ್ನೂ ಕೊಡಬೇಕಿಲ್ಲ ಎನ್ನುವುದು ನ್ಯಾಯವಲ್ಲ.

ಬೇಕಾದದ್ದು ದೊಡ್ಡದೇನೂ ಅಲ್ಲ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಡುವುದು, ಎಲ್ಲರಿಗೂ ಅದೇ ಪ್ರಶ್ನೆ ಕೇಳಿ ಅಂಕ ದಾಖಲಿಸುವುದು, ಕೇಳಿದವರಿಗೆ ತಮ್ಮ ಅಂಕ ಮತ್ತು ಟಿಪ್ಪಣಿ ತೋರಿಸುವುದು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಎಂದು 2011ರ ಆಗಸ್ಟಿನಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಪರೀಕ್ಷಕರ ಟಿಪ್ಪಣಿಯೂ ಬರೆದವನ ಸ್ವಂತ ಮಾಹಿತಿಯೇ ಎಂದು 2017ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ನೇಮಕಾತಿಯಲ್ಲಿ ಬಳಸುವ ಸಾಫ್ಟ್‌ವೇರನ್ನು ವರ್ಷಕ್ಕೊಮ್ಮೆ ಭೇದದ ತಪಾಸಣೆಗೆ ಒಡ್ಡಬೇಕೆಂಬ ನ್ಯೂಯಾರ್ಕ್ ನಗರದ ನಿಯಮ 2023ರ ಜುಲೈನಿಂದ ಜಾರಿಯಲ್ಲಿದೆ. ಉತ್ತರಪತ್ರಿಕೆ ತೋರಿಸಿದರೆ ಪರೀಕ್ಷಾ ವ್ಯವಸ್ಥೆಯೇ ಕುಸಿಯುತ್ತದೆ ಎಂಬ ಭಯ ನಮ್ಮಲ್ಲೂ ಇತ್ತು. ಪರೀಕ್ಷೆಗಳು ನಡೆಯುತ್ತಲೇ ಇವೆ. ಈ ಉದ್ಯಮದಲ್ಲಿ ಪಕ್ಷಪಾತ ಇದೆಯೆ ಎಂದು ವಾದಿಸುತ್ತಲೇ ನಾವು ದಶಕಗಳನ್ನು ಕಳೆದಿದ್ದೇವೆ. ಆ ವಾದವನ್ನು ತೀರಿಸಬಲ್ಲ ದಾಖಲೆ ಕಂಪನಿಗಳ ಸರ್ವರ್‌ಗಳಲ್ಲಿದೆ. ಅದನ್ನು ತೋರಿಸಿ ಎಂದು ಕೇಳುವ ಹಕ್ಕನ್ನು ಕರ್ನಾಟಕವೇ ಮೊದಲು ಕಾನೂನಿನಲ್ಲಿ ಬರೆಯಬೇಕು. ಈ ಉದ್ಯಮಕ್ಕೆ ಇಷ್ಟೊಂದು ಮಕ್ಕಳನ್ನು ಓದಿಸಿ ಕಳಿಸಿದ ನಾಡಿಗೆ ಅದನ್ನು ಕೇಳುವ ಅಧಿಕಾರವಿದೆ.